ಕೊನೆ ಗೊತ್ತಿದ್ದರೂ ನನ್ನ ಮಗ ಈ ಸಿನಿಮಾವನ್ನು ನಾಲ್ಕು ಸಲ ನೋಡಿದ್ದೇಕೆ?

ಪ್ರಶ್ನೆ: ವಿಜಯಪುರದಿಂದ, ಪ್ರೌಢಶಾಲೆಯ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ನಮ್ಮ ಯಜಮಾನರಿಗೆ ವರ್ಗಾವಣೆಯಾದ್ದರಿಂದ ಕಳೆದ ಮೇ ತಿಂಗಳಲ್ಲಿ ನಾವು ಜಮಖಂಡಿಯಿಂದ ವಿಜಯಪುರಕ್ಕೆ ಬಂದೆವು. ಮಗ ಎಂಟನೆಯ ತರಗತಿಯಲ್ಲಿ ಓದುತ್ತಿದ್ದಾನೆ. ಶಾಲೆಯೂ ಹೊಸದು, ಓಣಿಯೂ ಹೊಸದು, ಗೆಳೆಯರು ಇನ್ನೂ ಆಗಿಲ್ಲ. ಜೂನ್ ತಿಂಗಳಲ್ಲಿ ಒಮ್ಮೆ ಸೈಕಲ್ಲಿನಿಂದ ಬಿದ್ದು ಮೊಣಕೈ ಕೆತ್ತಿಸಿಕೊಂಡು ಬಂದದ್ದನ್ನು ಬಿಟ್ಟರೆ ಅವನಿಂದ ಯಾವ ತಕರಾರೂ ಇರಲಿಲ್ಲ. ದಸರೆಯ ರಜೆಯಲ್ಲಿ ಅವನ ಸೋದರಮಾವ ಬಂದವನು 1984ರ ‘ದಿ ಕರಾಟೆ ಕಿಡ್’ ಸಿನಿಮಾವನ್ನು ತೋರಿಸಿ ಹೋದ. ಅಲ್ಲಿಂದೀಚೆಗೆ ಹುಡುಗ ಅದನ್ನು ನಾಲ್ಕು ಸಲ ನೋಡಿದ್ದಾನೆ. ಸಂಜೆಯಾದರೆ ಹಳೆಯ ಪಂಚೆಯ ತುಂಡು ಹಿಡಿದು ಅಪ್ಪನ ಸ್ಕೂಟರ್ ಒರೆಸಲು ನಿಲ್ಲುತ್ತಾನೆ. ಬಲಗೈಯಿಂದ ಒಂದು ಸುತ್ತು, ಎಡಗೈಯಿಂದ ಒಂದು ಸುತ್ತು, ನಡುವೆ ಉಸಿರು ಎಳೆದುಕೊಳ್ಳುವುದು, ಮತ್ತೆ ಬಲಗೈ.

ನ್ಯೂಜೆರ್ಸಿಯಿಂದ ತಾಯಿಯೊಡನೆ ಲಾಸ್ ಏಂಜಲೀಸ್‌ಗೆ ಬಂದ ಡ್ಯಾನಿಯಲ್‌ನನ್ನು ಕರಾಟೆ ಬಲ್ಲ ಹುಡುಗರು ಹಿಡಿದು ಬಡಿಯುತ್ತಾರೆ, ಅವನಿರುವ ವಠಾರದ ರಿಪೇರಿ ಕೆಲಸ ಮಾಡುವ ಮಿಯಾಗಿ ಎಂಬ ಹಿರಿಯ ಅವನಿಗೆ ವಿದ್ಯೆ ಕಲಿಸುತ್ತಾನೆ, ಕೊನೆಗೆ ಹುಡುಗ ಪಂದ್ಯ ಗೆಲ್ಲುತ್ತಾನೆ. ಮೊದಲ ಅರ್ಧ ಗಂಟೆಯಲ್ಲಿಯೇ ಇದೆಲ್ಲ ಊಹೆಗೆ ಬರುತ್ತದೆ. ಹೀಗಿದ್ದೂ ನಲವತ್ತು ವರ್ಷ ಹಳೆಯ ಪರದೇಶದ ಸಿನಿಮಾ ನಮ್ಮ ಮಗುವನ್ನು ಹೀಗೆ ಹಿಡಿದುಕೊಳ್ಳಲು ಕಾರಣವೇನು? ಅವನು ಕರಾಟೆ ತರಗತಿಗೆ ಸೇರಿಸು ಎನ್ನುತ್ತಿದ್ದಾನೆ. ಹೊಡೆದಾಟವೇ ದಾರಿ ಎಂದು ತಿಳಿದುಕೊಂಡಾನೇ ಎಂಬ ಅಂಜಿಕೆ ನನಗಿದೆ.

ಉತ್ತರ 1: ಬೆಳಗಾವಿಯಿಂದ

ಅಕ್ಕಾವರಿಗೆ ನಮಸ್ಕಾರ. ನಾನು ಕರಾಟೆ ಕಲಿತವನಲ್ಲ, ಹನ್ನೆರಡನೆಯ ವಯಸ್ಸಿನಿಂದ ಗರಡಿಮನೆಯಲ್ಲಿ ಬೆಳೆದವನು. ನಮ್ಮ ವಸ್ತಾದರು ಮೊದಲ ಒಂದೂವರೆ ತಿಂಗಳು ನನಗೆ ಒಂದು ಪಟ್ಟನ್ನೂ ಹೇಳಿಕೊಡಲಿಲ್ಲ. ಬೆಳಗಿನ ಐದು ಗಂಟೆಗೆ ಹೋದರೆ ಕೈಗೆ ಗುದ್ದಲಿ ಬರುತ್ತಿತ್ತು. ಕಣದ ಕೆಂಪು ಮಣ್ಣನ್ನು ಅಗೆಯಬೇಕು, ಹೆಂಟೆ ಒಡೆಯಬೇಕು, ಮಜ್ಜಿಗೆ, ಎಣ್ಣೆ, ಅರಿಶಿಣ ಹಾಕಿ ಕಾಲಿನಿಂದ ತುಳಿದು ಹದ ಮಾಡಬೇಕು. ದೊಡ್ಡ ಪೈಲ್ವಾನರು ಜೋಡಿ ಹಿಡಿಯುವಾಗ ನಾನು ಗೋಡೆಗೆ ಒರಗಿ ನಿಂತು, ಇವರು ನನ್ನನ್ನು ಆಳಿನ ಕೆಲಸಕ್ಕೆ ಇಟ್ಟುಕೊಂಡಿದ್ದಾರೆಂದು ಒಳಗೊಳಗೇ ಕುದಿಯುತ್ತಿದ್ದೆ. ಮೊದಲ ಸಲ ಕಣಕ್ಕೆ ಇಳಿಸಿದ ದಿನ ನನಗಿಂತ ದಪ್ಪನೆಯ ಹುಡುಗನೊಬ್ಬ ನನ್ನ ಮಣಿಕಟ್ಟನ್ನು ಬಿಡಿಸಿಕೊಳ್ಳಲಾರದೆ ಒದ್ದಾಡಿದಾಗ, ಗುದ್ದಲಿಯ ಕಾವು ನನ್ನ ಕೈಗೆ ಏನು ಕೊಟ್ಟಿತ್ತೆಂಬುದು ತಿಳಿಯಿತು.

ಆ ಸಿನಿಮಾದಲ್ಲಿ ನಡೆಯುವುದೂ ಇದೇ. ಕಾರುಗಳಿಗೆ ಮೇಣ ತಿಕ್ಕಿ, ಹಲಗೆಯ ನೆಲ ಉಜ್ಜಿ, ಬೇಲಿಗೂ ಮನೆಗೂ ಬಣ್ಣ ಬಳಿದು ಸೋತ ಡ್ಯಾನಿಯಲ್ ಒಂದು ರಾತ್ರಿ ಸಿಟ್ಟಿನಿಂದ ಹೊರಟು ನಿಲ್ಲುತ್ತಾನೆ. ಆಗ ಮಿಯಾಗಿ ಅದೇ ಕೈಸುತ್ತುಗಳನ್ನು ಮಾಡಿ ತೋರಿಸೆಂದು ಹೇಳಿ, ಇದ್ದಕ್ಕಿದ್ದಂತೆ ಗುದ್ದಲು ತೊಡಗುತ್ತಾನೆ. ಒಂದು ಗುದ್ದೂ ಹುಡುಗನಿಗೆ ತಾಕುವುದಿಲ್ಲ. ಆ ಗಳಿಗೆಯವರೆಗೆ ನೋಡುವ ನಮಗೂ ಅದು ಬರೀ ದುಡಿಮೆಯಾಗಿಯೇ ಕಂಡಿರುತ್ತದೆ, ಹುಡುಗನ ಜೊತೆಗೆ ನಾವೂ ಕಲಿತೆವೆಂಬುದು ಅವನ ಜೊತೆಗೇ ನಮಗೂ ಹೊಳೆಯುತ್ತದೆ. ಕೊನೆ ಗೊತ್ತಿದ್ದೂ ನಾಲ್ಕು ಸಲ ನೋಡುವಂತೆ ಮಾಡುವುದು ಈ ದೃಶ್ಯವೆಂದು ನನ್ನ ನಂಬಿಕೆ. ನಿರ್ದೇಶಕ ಜಾನ್ ಆವಿಲ್ಡ್‌ಸನ್ ಇದಕ್ಕೆ ಮೊದಲು 1976ರಲ್ಲಿ ‘ರಾಕಿ’ ಮಾಡಿ ಆಸ್ಕರ್ ಪಡೆದವರು. ಅದರ ನಾಯಕ ಕೊನೆಯ ಪಂದ್ಯದಲ್ಲಿ ಅಂಕಗಳ ಮೇಲೆ ಸೋಲುತ್ತಾನೆ, ಆದರೂ ಜನ ಅವನನ್ನು ಎದೆಗೆ ಹಚ್ಚಿಕೊಂಡರು. ಗೆಲುವೊಂದೇ ಇಂಥ ಕಥೆಗಳ ಸೆಳೆತವಾಗಿದ್ದರೆ ಹಾಗಾಗುತ್ತಿರಲಿಲ್ಲ.

ಉತ್ತರ 2: ಬಾಗಲಕೋಟೆಯಿಂದ, ಕರಾಟೆ ತರಬೇತುದಾರ

ಬೆಳಗಾವಿಯ ಹಿರಿಯರು ಹೇಳಿದ್ದನ್ನು ಒಪ್ಪುತ್ತೇನೆ. ವೃತ್ತಿಯವನಾಗಿ ಒಂದೆರಡು ಮಾತು ಸೇರಿಸುತ್ತೇನೆ.

ಮಿಯಾಗಿ ಎಂಬ ಹೆಸರು ಸುಮ್ಮನೆ ಇಟ್ಟದ್ದಲ್ಲ. ಒಕಿನಾವಾದ ಚೋಜುನ್ ಮಿಯಾಗಿ (1888–1953) ಗೋಜು-ರ್ಯು ಎಂಬ ಕರಾಟೆ ಪದ್ಧತಿಯನ್ನು ಕಟ್ಟಿದ ಗುರುಗಳು, ಚಿತ್ರಕಥೆ ಬರೆದ ರಾಬರ್ಟ್ ಮಾರ್ಕ್ ಕಾಮೆನ್ ಆ ಪದ್ಧತಿಯಲ್ಲಿ ಪಳಗಿದವರು. ಮೇಣ ತಿಕ್ಕುವ ಆ ಸುತ್ತುಗೈ ನಮ್ಮಲ್ಲಿ ನಿಜವಾಗಿಯೂ ಎದುರಾಳಿಯ ಏಟನ್ನು ಪಕ್ಕಕ್ಕೆ ಸರಿಸುವ ತಡೆಗೆ ಬಹಳ ಹತ್ತಿರದ್ದು. ಆದರೆ ಕೆಲವೇ ವಾರಗಳಲ್ಲಿ ವರ್ಷಗಟ್ಟಲೆ ಕಲಿತವರನ್ನು ಸೋಲಿಸುವುದು ಸಿನಿಮಾದಲ್ಲಿ ಮಾತ್ರ ಸಾಧ್ಯವೆಂದು ಮಗನಿಗೆ ಮೊದಲೇ ಹೇಳಿರಿ. ಕೊನೆಯ ಕೊಕ್ಕರೆಯ ಒದೆತವನ್ನು ಮನೆಯ ಅಂಗಳದಲ್ಲಿ ಮಾಡದಂತೆಯೂ ನೋಡಿಕೊಳ್ಳಿರಿ. ಎರಡೂ ತೋಳು ಮೇಲೆತ್ತಿ ಒಂಟಿಗಾಲಿನಲ್ಲಿ ನಿಂತರೆ ಪಕ್ಕೆಲುಬು ಪೂರ್ತಿ ಬಯಲಾಗುತ್ತದೆ, ಇಳಿಯುವಾಗ ಮಂಡಿಗೆ ಪೆಟ್ಟಾಗುತ್ತದೆ.

ನಿಮ್ಮ ಅಂಜಿಕೆಗೆ ಉತ್ತರ ಆ ಸಿನಿಮಾದೊಳಗೇ ಇದೆ. ಅಲ್ಲಿ ವಿದ್ಯೆ ಒಂದೇ, ಗುರುಗಳು ಇಬ್ಬರು. ಡ್ಯಾನಿಯಲ್‌ನನ್ನು ಬಡಿದ ಹುಡುಗರಿಗೆ ಕಲಿಸುವ ಕ್ರೀಸ್ ಎಂಬ ಇನ್ನೊಬ್ಬ ಗುರು, ಎದುರಾಳಿ ಮುಂದೆ ಆಡಲಾರದಂತೆ ಮಾಡೆಂದು ತನ್ನ ಶಿಷ್ಯನಿಗೆ ಅಪ್ಪಣೆ ಕೊಡುತ್ತಾನೆ. ಆ ಹುಡುಗ ಒಲ್ಲದ ಮನಸ್ಸಿನಿಂದ ಒದ್ದು ಪಂದ್ಯದಿಂದ ಹೊರಬಿದ್ದ ಮೇಲೆ ಡ್ಯಾನಿಯಲ್‌ನ ಬಳಿ ಕುಳಿತು ಕ್ಷಮೆ ಕೇಳುವ ರೀತಿಯನ್ನು ಗಮನಿಸಿ ನೋಡಿರಿ. ಕೆಟ್ಟ ಗುರುವಿನ ಕೈಗೆ ಸಿಕ್ಕ ಮಕ್ಕಳೂ ಮಕ್ಕಳೇ. ನಾನು ಮೊದಲು ಸೇರಿದ ತರಗತಿಯಲ್ಲಿ ಮೂರು ತಿಂಗಳಿಗೊಮ್ಮೆ ಫೀಸು ಕಟ್ಟಿದವರಿಗೆಲ್ಲ ಬೆಲ್ಟು ಸಿಗುತ್ತಿತ್ತು, ಅಳುವ ಹುಡುಗನನ್ನು ಎಲ್ಲರೆದುರು ನಿಲ್ಲಿಸಿ ನಗುತ್ತಿದ್ದರು. ಎರಡು ವರ್ಷ ಕಳೆದುಕೊಂಡು ಅಲ್ಲಿಂದ ಹೊರಬಂದೆ. ಸೇರಿಸುವ ಮುನ್ನ ಒಂದು ಸಂಜೆ ಹೋಗಿ ಕುಳಿತುಕೊಳ್ಳಿರಿ. ಮುಂದಿನ ಸಾಲಿನ ಚುರುಕು ಮಕ್ಕಳನ್ನು ಬಿಟ್ಟು ಹಿಂದಿನ ಸಾಲಿನಲ್ಲಿ ಎಡಬಲ ತಪ್ಪುವ ಹುಡುಗನೊಡನೆ ಗುರು ಹೇಗೆ ಮಾತಾಡುತ್ತಾನೆಂದು ನೋಡಿರಿ.

ಉತ್ತರ 3: ಬೆಳಗಾವಿಯಿಂದ, ಕಾಲೇಜು ಉಪನ್ಯಾಸಕಿ

ನನಗೆ ಈ ಸಿನಿಮಾ ಮಿಯಾಗಿಯ ದುಃಖದ ಕಥೆಯಾಗಿ ಕಾಣುತ್ತದೆ. ಮದುವೆಯಾದ ದಿನದ ನೆನಪಿಗೆ ಒಂಟಿಯಾಗಿ ಕುಡಿದು ಕುಳಿತ ಅವನ ಬಳಿ ಒಂದು ಹಳೆಯ ತಂತಿ ಸಂದೇಶವಿರುತ್ತದೆ. ಡ್ಯಾನಿಯಲ್ ಅದನ್ನು ಓದುತ್ತಾನೆ. ಮಿಯಾಗಿ ಅಮೆರಿಕದ ಸೈನ್ಯದಲ್ಲಿ ಹೋರಾಡುತ್ತಿದ್ದಾಗ ಅವನ ಹೆಂಡತಿ ಅದೇ ಅಮೆರಿಕದ ಮಂಜನಾರ್ ಬಂಧನ ಶಿಬಿರದಲ್ಲಿ ಹೆರಿಗೆಯ ತೊಂದರೆಯಿಂದ ಮಗುವಿನೊಡನೆ ತೀರಿಕೊಂಡಿರುತ್ತಾಳೆ. 1942ರಿಂದ ಸುಮಾರು 1.2 ಲಕ್ಷ ಜಪಾನಿ ಮೂಲದವರನ್ನು ಆ ದೇಶ ಅಂಥ ಶಿಬಿರಗಳಲ್ಲಿ ಕೂಡಿಹಾಕಿತ್ತು. ಸರಕಾರ ಅದಕ್ಕೆ ಕಾಯಿದೆಯ ಮೂಲಕ ಕ್ಷಮೆ ಕೇಳಿದ್ದು 1988ರಲ್ಲಿ, ಅಂದರೆ ಸಿನಿಮಾ ಬಂದು ನಾಲ್ಕು ವರ್ಷಗಳಾದ ಮೇಲೆ. ಮಿಯಾಗಿಯ ಪಾತ್ರ ಮಾಡಿದ ಪ್ಯಾಟ್ ಮೊರಿಟಾ ಸ್ವತಃ ಬಾಲಕನಾಗಿ ಅಂಥ ಶಿಬಿರದಲ್ಲಿ ಇದ್ದವರು. ಈ ಪಾತ್ರಕ್ಕಾಗಿ ಅವರ ಹೆಸರು ಪೋಷಕ ನಟನ ಆಸ್ಕರ್‌ಗೆ ನಾಮನಿರ್ದೇಶನಗೊಂಡಿತ್ತು.

ಆ ರಾತ್ರಿ ಹುಡುಗ ಮುದುಕನ ಬೂಟು ಬಿಚ್ಚಿ, ಹೊದಿಕೆ ಹೊದಿಸಿ, ತಲೆ ಬಾಗಿಸಿ ಹೊರಡುತ್ತಾನೆ. ಅಲ್ಲಿಯವರೆಗೆ ಪಡೆಯುವವನಾಗಿದ್ದವನು ಆಗ ಮೊದಲ ಸಲ ಏನನ್ನೋ ಕೊಡುತ್ತಾನೆ. ಅಪ್ಪನಿಲ್ಲದ ಹುಡುಗ, ಮಗನಿಲ್ಲದ ಹಿರಿಯ, ಇಬ್ಬರೂ ಹುಟ್ಟಿದೂರು ಬಿಟ್ಟವರು. 2010ರಲ್ಲಿ ಜಾಕಿ ಚಾನ್ ನಟಿಸಿದ ಹೊಸ ಆವೃತ್ತಿಯಲ್ಲಿ ಊರು ಬೀಜಿಂಗ್ ಆಯಿತು, ಕರಾಟೆಯ ಜಾಗಕ್ಕೆ ಕುಂಗ್‌ಫು ಬಂತು, ಆದರೆ ಹೆಂಡತಿಯನ್ನೂ ಮಗನನ್ನೂ ಕಳೆದುಕೊಂಡ ಗುರುವನ್ನು ಮಾತ್ರ ಅವರೂ ಉಳಿಸಿಕೊಂಡರು.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ತುಂಬಾ ಉಪಕಾರವಾಯಿತು. ನಿಮ್ಮ ಉತ್ತರಗಳನ್ನು ಓದಿದ ಮೇಲೆ ಭಾನುವಾರ ರಾತ್ರಿ ಕೆಲಸ ಬದಿಗಿಟ್ಟು ಮಗನ ಪಕ್ಕದಲ್ಲಿ ಕುಳಿತು ಸಿನಿಮಾವನ್ನು ಮೊದಲಿನಿಂದ ನೋಡಿದೆ. ನಾನು ಮೊದಲ ಸಲ ಅಡುಗೆಮನೆಗೆ ಹೋಗಿ ಬರುತ್ತಾ ನೋಡಿದ್ದರಿಂದ ಒಂದು ದೃಶ್ಯ ತಪ್ಪಿಹೋಗಿತ್ತು. ಬಡಿಸಿಕೊಂಡ ಮರುದಿನ ಡ್ಯಾನಿಯಲ್ ಕಪ್ಪು ಕನ್ನಡಕ ಹಾಕಿಕೊಂಡು ತಾಯಿಯ ಎದುರಿಗೆ ಬರುತ್ತಾನೆ. ಅವಳು ಕನ್ನಡಕ ತೆಗೆಸಿ ಬಾತ ಕಣ್ಣನ್ನು ಕಂಡು ಗಾಬರಿಯಾದಾಗ, ಸೈಕಲ್ಲಿನಿಂದ ಬಿದ್ದೆನೆಂದು ಹೇಳುತ್ತಾನೆ.

ನಾನು ಮಗನ ಕಡೆಗೆ ತಿರುಗಿದೆ. ಅವನು ಟಿವಿಯನ್ನು ನೋಡುತ್ತಿರಲಿಲ್ಲ, ನನ್ನನ್ನೇ ನೋಡುತ್ತಿದ್ದ. ಅಂಗಿಯ ತೋಳನ್ನು ಮೊಣಕೈವರೆಗೆ ಎಳೆದುಕೊಂಡಿದ್ದ. ಸಿನಿಮಾವನ್ನು ಅಲ್ಲಿಗೇ ನಿಲ್ಲಿಸಿದೆವು. ಅವನು ಜೂನ್ ತಿಂಗಳಿನಿಂದ ಹೇಳತೊಡಗಿದ, ಮುಗಿಯುವಾಗ ಹನ್ನೆರಡೂವರೆಯಾಗಿತ್ತು. ನಾಳೆ ನಾನೂ ಅವರ ಅಪ್ಪನೂ ಅವನ ಶಾಲೆಗೆ ಹೋಗುತ್ತಿದ್ದೇವೆ, ಸಂಜೆ ಮೂವರೂ ಕೂಡಿ ಕರಾಟೆ ತರಗತಿಯ ಹಿಂದಿನ ಸಾಲನ್ನು ನೋಡಲು ಹೋಗುತ್ತೇವೆ.