ಹೆಸೋಯಾಮ್‌ಗೆ ಅರ್ಥ ಯಾಕಿಲ್ಲ? ಚೀಟ್ ಕೋಡ್ ಹುಡುಕೋದು ಹೇಗೆ?

ಹಳೇಜಾಯ್‌ಸ್ಟಿಕ್:
ಜಿಟಿಎ ಸರಣಿಯ ವೈಸ್ ಸಿಟಿ ಗೇಮ್‌ನ ಚೀಟುಗಳು (ಆಡುವಾಗ ಟೈಪ್ ಮಾಡಿದರೆ ಅನುಕೂಲ ಕೊಡುವ ಗುಟ್ಟಿನ ಕೋಡ್‌ಗಳು) ಓದಿದರೆ ಅರ್ಥವಾಗುವ ಪದಗಳು. ಪ್ಯಾಂಜರ್ ಅಂತ ಹೊಡೆದರೆ ಟ್ಯಾಂಕ್, ಆಸ್ಪಿರಿನ್ ಅಂದರೆ ಹೆಲ್ತ್. ಅದೇ ಸರಣಿಯ ಮುಂದಿನ ಗೇಮ್ ಸ್ಯಾನ್ ಆಂಡ್ರಿಯಾಸ್‌ಗೆ ಬಂದರೆ ಹೆಸೋಯಾಮ್, ಎಜಾಕ್ಮಿ, ಬಗುವಿಕ್ಸ್. ಇವನ್ನು ಇಟ್ಟವರು ಯಾರು, ಮೊದಲು ಕಂಡುಹಿಡಿದದ್ದು ಹೇಗೆ?

ಇನ್ನೊಂದು ಪ್ರಶ್ನೆ. ಹಳೇ ಟಿವಿ ಗೇಮ್‌ನ ಸೂಪರ್ ಮಾರಿಯೋದಲ್ಲಿ ಲೈಫ್ ಕಡಿಮೆಯಾಗದ ಚೀಟ್ ಹುಡುಕಬೇಕು. ಎಫ್‌ಸಿಇಯುಎಕ್ಸ್ ಎಮ್ಯುಲೇಟರ್‌ನ (ಹಳೇ ಗೇಮ್‌ಗಳನ್ನು ಕಂಪ್ಯೂಟರ್‌ನಲ್ಲಿ ಆಡಿಸುವ ಪ್ರೋಗ್ರಾಂ) ರ‍್ಯಾಮ್ ಸರ್ಚ್‌ನಲ್ಲಿ (ಗೇಮ್‌ನ ಮೆಮೊರಿಯಲ್ಲಿ ಸಂಖ್ಯೆ ಹುಡುಕುವ ಸಾಧನ) ಮೊದಲು 3, ಒಮ್ಮೆ ಸತ್ತ ಮೇಲೆ 2 ಅಂತ ಹುಡುಕಿದರೆ ಪಟ್ಟಿಯಲ್ಲಿ ಲೈಫ್ ಸಿಗುವುದೇ ಇಲ್ಲ. ಎಲ್ಲಿ ತಪ್ಪಾಗುತ್ತಿದೆ?

ಬಿಟ್‌ಬೈಟ್:
ಮೊದಲನೇದಕ್ಕೆ ಉತ್ತರ. ಹೆಸೋಯಾಮ್ ಅನ್ನೋದು ಗೇಮ್ ಮಾಡಿದವರು ಇಟ್ಟ ಪದವೇ ಅಲ್ಲ. ಅವರು ಇಟ್ಟದ್ದು "ಐ ನೀಡ್ ಸಮ್ ಹೆಲ್ಪ್", ನಡುವೆ ಜಾಗ ಬಿಡದೆ. ಈಗಲೂ ಅದನ್ನು ಟೈಪ್ ಮಾಡಿ ನೋಡಿ: ಅದೇ ಹೆಲ್ತ್, ಅದೇ ಆರ್ಮರ್, ಅದೇ 2,50,000 ಡಾಲರ್. ಎಜಾಕ್ಮಿಯ ಮೂಲ "ಐ ಡು ಆಸ್ ಐ ಪ್ಲೀಸ್". ಜೆಟ್‌ಪ್ಯಾಕ್ ಕೊಡುವ ವೈ-ಇ-ಸಿ-ಜಿ-ಎ-ಎ ಮೂಲದಲ್ಲಿ "ರಾಕೆಟ್‌ಮ್ಯಾನ್".

ಸ್ಯಾನ್ ಆಂಡ್ರಿಯಾಸ್‌ನ ಪಿಸಿ ಆವೃತ್ತಿಯ ಫೈಲಿನಲ್ಲಿ ಎಲ್ಲಿ ತಡಕಿದರೂ ಚೀಟ್ ಪದಗಳು ಸಿಗೋದಿಲ್ಲ. ಪ್ರತಿ ಚೀಟಿಗೂ 32 ಬಿಟ್‌ನ ಒಂದು ಸಂಖ್ಯೆ, ಅಷ್ಟೇ. ನೀವು ಒತ್ತಿದ ಅಕ್ಷರಗಳನ್ನು ಗೇಮ್ ಹಿಂದುಮುಂದಾಗಿ (ಕೊನೆಗೆ ಒತ್ತಿದ್ದು ಮೊದಲು) ಇಟ್ಟುಕೊಂಡು, ಕನಿಷ್ಠ ಆರು ಅಕ್ಷರದಿಂದ ಶುರುಮಾಡಿ ಸಿಆರ್‌ಸಿ (ಅಕ್ಷರಗಳ ಸಾಲಿನಿಂದ ಒಂದು ಸಂಖ್ಯೆ ತೆಗೆಯುವ ಸೂತ್ರ) ಲೆಕ್ಕ ಹಾಕಿ, ಬಂದ ಸಂಖ್ಯೆ ತನ್ನ ಪಟ್ಟಿಯಲ್ಲಿ ಇದೆಯಾ ಅಂತ ನೋಡುತ್ತದೆ. ಸಂಖ್ಯೆಯಿಂದ ಪದಕ್ಕೆ ವಾಪಸ್ ಹೋಗುವ ದಾರಿ ಇಲ್ಲ. ಆದರೆ ಅದೇ ಸಂಖ್ಯೆ ಬರುವ ಬೇರೆ ಪದ ಸಿಕ್ಕರೆ ಸಾಕು, ಗೇಮ್‌ಗೆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಲೆಕ್ಕ ನೋಡಿ. 32 ಬಿಟ್‌ನಲ್ಲಿ ಸುಮಾರು 429 ಕೋಟಿ ಸಂಖ್ಯೆಗಳು. ಆರಕ್ಷರದ ಪದಗಳು ಸುಮಾರು 31 ಕೋಟಿ, ಹಾಗಾಗಿ ಹದಿನಾಲ್ಕು ಚೀಟಿನಲ್ಲಿ ಒಂದಕ್ಕೆ ಮಾತ್ರ ಆರಕ್ಷರದಲ್ಲಿ ಜೋಡಿ ಸಿಗಬಹುದು. ಏಳಕ್ಷರಕ್ಕೆ ಬಂದರೆ 803 ಕೋಟಿ. ಅಂದರೆ ಒಂದೊಂದು ಸಂಖ್ಯೆಗೂ ಸರಾಸರಿ ಎರಡರ ಹತ್ತಿರ. ಹೆಸೋಯಾಮ್, ಎಜಾಕ್ಮಿ, ಬಗುವಿಕ್ಸ್ ಇಂಗ್ಲಿಷ್‌ನಲ್ಲಿ ಬರೆದಾಗ ಮೂರೂ ಏಳಕ್ಷರ, ಅದು ಆಕಸ್ಮಿಕ ಅಲ್ಲ. ಏಳರಲ್ಲಿ ಸಿಗದೆ ಉಳಿದವು ಎಂಟರಲ್ಲಿ ಸಿಕ್ಕಿವೆ. ಪ್ರೋಗ್ರಾಂ ಬರೆದು ಒಂದೊಂದೇ ಪದ ಹಾಕಿ ತಾಳೆ ನೋಡಿದವರಿಗೆ ಸಿಕ್ಕ ಪದಗಳೇ ಇವು.

ನೀವೂ ಬರೆಯುವುದಾದರೆ ಎರಡು ಕಡೆ ಎಡವುತ್ತೀರಿ: ಪದವನ್ನು ತಿರುಗಿಸಿ ಕೊಡಬೇಕು, ಮತ್ತು ಮಾಮೂಲಿ ಸಿಆರ್‌ಸಿ32ರ ಕೊನೆಯಲ್ಲಿ ಎಲ್ಲ ಬಿಟ್‌ಗಳನ್ನೂ ಉಲ್ಟಾ ಮಾಡುವ ಹಂತ ಇಲ್ಲಿ ಇಲ್ಲ. ಲೈಬ್ರರಿ ಫಂಕ್ಷನ್ ಹಾಗೇ ಕರೆದರೆ ಒಂದೂ ತಾಳೆಯಾಗಲ್ಲ.

ಕ್ಯಾಸೆಟ್‌ಮನೆ:
ಮಾರಿಯೋ ವಿಷಯ. ಗೇಮ್ ಲೈಫ್‌ಗಳನ್ನು ಸೊನ್ನೆಯಿಂದ ಎಣಿಸುತ್ತದೆ. ಪರದೆ ಮೇಲೆ 3 ಇದ್ದಾಗ ಒಳಗೆ ಇರೋದು 2. ನೀವು 3 ಹುಡುಕಿದ ತಕ್ಷಣ ನಿಜವಾದ ವಿಳಾಸವೇ (ಮೆಮೊರಿಯಲ್ಲಿ ಲೈಫ್ ಇರುವ ಜಾಗದ ಸಂಖ್ಯೆ) ಪಟ್ಟಿಯಿಂದ ಬಿದ್ದುಹೋಯಿತು.

ಪರದೆಯ ಅಂಕಿಯನ್ನು ನಂಬಲೇಬೇಡಿ, ಏರಿಳಿತವನ್ನು ಮಾತ್ರ ಹಿಡಿಯಿರಿ. ಆಟ ಶುರುಮಾಡಿ ರ‍್ಯಾಮ್ ಸರ್ಚ್ ರೀಸೆಟ್ ಮಾಡಿ. ಒಟ್ಟು 2048 ಬೈಟ್, ದೊಡ್ಡದೇನಲ್ಲ. ಸಾಯದೆ ಅತ್ತಿತ್ತ ಓಡಾಡಿ "ಹಿಂದಿನಷ್ಟೇ ಇದೆ" ಅಂತ ನಾಲ್ಕೈದು ಸಲ ಸೋಸಿ; ಟೈಮರ್, ಮಾರಿಯೋ ಇರುವ ಜಾಗ ಎಲ್ಲ ಉದುರುತ್ತವೆ. ಆಮೇಲೆ ಗುಂಡಿಗೆ ಬಿದ್ದು "ಹಿಂದಿನದಕ್ಕಿಂತ ಕಡಿಮೆ" ಅಂತ ಸೋಸಿ. ಮತ್ತೆ ಓಡಾಟ, ಮತ್ತೆ ಸಾವು. ಎರಡು ಮೂರು ಸುತ್ತಿನಲ್ಲಿ 075ಎ ಅನ್ನುವ ವಿಳಾಸ ಉಳಿಯುತ್ತದೆ (ಇಲ್ಲಿಂದ ಮುಂದೆ ವಿಳಾಸ, ಬೈಟುಗಳೆಲ್ಲ ಹೆಕ್ಸ್‌ನಲ್ಲಿ, ಅಂದರೆ 0–9ರ ಜೊತೆ ಎ–ಎಫ್ ಬಳಸುವ ಹದಿನಾರರ ಎಣಿಕೆಯಲ್ಲಿ). ನಡುವೆ ಸೇವ್ ಸ್ಟೇಟ್ (ಮೊದಲೇ ಉಳಿಸಿಟ್ಟ ಆಟದ ಸ್ಥಿತಿ) ಲೋಡ್ ಮಾಡಿದರೆ ಬೆಲೆ (ಒಳಗಿನ ಸಂಖ್ಯೆ) ಮತ್ತೆ ಏರಿರುತ್ತದೆ, ಆಗ "ಹೆಚ್ಚು" ಅಂತ ಸೋಸಬೇಕು. ಇಲ್ಲಿ ಮರೆತು ಪಟ್ಟಿ ಖಾಲಿ ಮಾಡಿಕೊಳ್ಳುವವರೇ ಜಾಸ್ತಿ.

ಆ ಬೈಟನ್ನು ಫ್ರೀಜ್ ಮಾಡಿದರೂ (ಬದಲಾಗದಂತೆ ಹಿಡಿದಿಟ್ಟರೂ) ಚೀಟ್ ಆಯಿತು, ಆದರೆ ಅಸಲಿ ಕೋಡ್ ಬೇಕಿದ್ದರೆ ಡಿಬಗರ್ (ಗೇಮ್‌ನ ಆಜ್ಞೆಗಳನ್ನು ನೋಡುವ ಸಾಧನ) ತೆರೆದು 075ಎ ಮೇಲೆ ರೈಟ್ ಬ್ರೇಕ್‌ಪಾಯಿಂಟ್ (ಅಲ್ಲಿಗೆ ಬರೆದ ಕೂಡಲೇ ಆಟ ನಿಲ್ಲಿಸುವ ಗುರುತು) ಇಡಿ. ಸತ್ತ ಕ್ಷಣಕ್ಕೆ ಆಟ ನಿಂತು 91ಡಿ9 ವಿಳಾಸದಲ್ಲಿ ಸಿಇ 5ಎ 07 ತೋರಿಸುತ್ತದೆ. ಸಿಇ ಅಂದರೆ "ಒಂದು ಕಳೆ", ಮಿಕ್ಕ ಎರಡು ಬೈಟು 075ಎ ವಿಳಾಸವೇ, ಕೆಳಗಿನ ಬೈಟು ಮೊದಲು. ಸಿಇ ತೆಗೆದು ಎಡಿ ಹಾಕಿ. ಎಡಿ ಅಂದರೆ "ಬರೀ ಓದು". ಕಳೆಯೋದು ನಿಂತಿತು.

ಏನೂ ಮಾಡದ ಇಎ ಯಾಕೆ ಹಾಕಬಾರದು? ಇಎ ಒಂದೇ ಬೈಟಿನದು. ಹಿಂದೆ ಉಳಿದ 5ಎ, 07 ಎರಡನ್ನೂ ಪ್ರೊಸೆಸರ್ ಆಜ್ಞೆ ಅಂತಲೇ ಓದಿಬಿಡುತ್ತದೆ; 07 ಮುಂದಿನ ಆಜ್ಞೆಯ ಬೈಟನ್ನೂ ನುಂಗಿಕೊಂಡು ಆಟ ಎಲ್ಲೋ ಹೋಗುತ್ತದೆ. ಎಡಿ ಆದರೆ ಸಿಇಯಂತೆ ಮೂರು ಬೈಟಿನದೇ. ಇನ್ನೂ ಒಂದು ಅನುಕೂಲ: ಇದರ ಬೆನ್ನಿಗೇ "ಬೆಲೆ ಸೊನ್ನೆಗಿಂತ ಕೆಳಗೆ ಹೋಯಿತಾ" ಅನ್ನುವ ಪರೀಕ್ಷೆ ಇದೆ, ಎಡಿ ಕೂಡ ಆ ಪರೀಕ್ಷೆ ನೋಡುವ ಫ್ಲ್ಯಾಗನ್ನು (ಗುರುತಿನ ಬಿಟ್) ಸರಿಯಾಗಿ ಹಾಕುತ್ತದೆ.

91ಡಿ9ಕ್ಕೆ ಎಡಿ ಅನ್ನುವುದನ್ನೇ ಗೇಮ್ ಜೀನಿ (ಕ್ಯಾಸೆಟ್‌ಗೆ ಜೋಡಿಸಿ ಚೀಟ್ ಕೋಡ್ ಹಾಕುವ ಸಾಧನ) ಅಕ್ಷರಕ್ಕೆ ತಿರುಗಿಸಿದರೆ ಬರುವುದು ಎಸ್-ಎಕ್ಸ್-ಐ-ಒ-ಪಿ-ಒ. ಹದಿನಾರು ಅಕ್ಷರ, ಒಂದೊಂದಕ್ಕೆ ನಾಲ್ಕು ಬಿಟ್, ಆರಕ್ಷರಕ್ಕೆ 24. ಅದರಲ್ಲಿ 15 ಬಿಟ್ ವಿಳಾಸ, 8 ಬಿಟ್ ಹೊಸ ಬೆಲೆ, ಉಳಿದ ಒಂದು ಬಿಟ್ ಕೋಡ್ ಆರಕ್ಷರದ್ದೋ ಎಂಟಕ್ಷರದ್ದೋ ಅಂತ ಹೇಳಲಿಕ್ಕೆ.

ಕೊನಾಮಿಕಟ್ಟೆ:
ಬಟನ್ ಒತ್ತುವ ಕೋಡ್‌ಗಳಿಗೆ ದಾರಿ ಬೇರೆ. ಕಾಂಟ್ರಾದ 30 ಲೈಫ್ ಕೋಡ್ ಎಲ್ಲರಿಗೂ ಗೊತ್ತು: ಮೇಲೆ ಮೇಲೆ ಕೆಳಗೆ ಕೆಳಗೆ ಎಡ ಬಲ ಎಡ ಬಲ ಬಿ ಎ. ಅದು ಹುಟ್ಟಿದ್ದು 1986ರ ಗ್ರೇಡಿಯಸ್‌ನಲ್ಲಿ. ಪರೀಕ್ಷೆಗೆ ಆಡುವಾಗ ಆಟ ತೀರಾ ಕಷ್ಟ ಅಂತ ಕಝುಹಿಸಾ ಹಾಶಿಮೊಟೊ ಹಾಕಿಕೊಂಡದ್ದು, ತೆಗೆಯದೆ ಒಳಗೇ ಉಳಿಯಿತು.

ನಿಂಟೆಂಡೊ ಪ್ಯಾಡ್‌ನ ಎಂಟು ಬಟನ್ ಒಂದೇ ಬೈಟಿನಲ್ಲಿ ಕೂರುತ್ತವೆ: ಎ 80, ಬಿ 40, ಸೆಲೆಕ್ಟ್ 20, ಸ್ಟಾರ್ಟ್ 10, ಮೇಲೆ 08, ಕೆಳಗೆ 04, ಎಡ 02, ಬಲ 01. ಹಾಗಾಗಿ ಆ ಕೋಡ್ 08 08 04 04 02 01 02 01 40 80 ಆಗುತ್ತದೆ. ಹೆಕ್ಸ್ ಎಡಿಟರ್‌ನಲ್ಲಿ (ಫೈಲಿನ ಬೈಟುಗಳನ್ನು ತೋರಿಸುವ ಪ್ರೋಗ್ರಾಂ) ಈ ಸಾಲು ಹುಡುಕಿ. ಕೆಲವು ಗೇಮ್‌ಗಳು ಬಿಟ್‌ಗಳನ್ನು ಉಲ್ಟಾ ಜೋಡಿಸುತ್ತವೆ, ಅಲ್ಲಿ 10 10 20 20 40 80 40 80 02 01 ಹುಡುಕಬೇಕು.

ಗೊತ್ತಿಲ್ಲದ ಕೋಡ್ ಆದರೆ ಬಟನ್ ಬೈಟ್ ರ‍್ಯಾಮ್‌ನಲ್ಲಿ ಎಲ್ಲಿದೆ ಅಂತ ನೋಡಿಕೊಂಡು, ಟೈಟಲ್ ಪರದೆಯಲ್ಲಿ ಅದರ ಮೇಲೆ ರೀಡ್ ಬ್ರೇಕ್‌ಪಾಯಿಂಟ್ ಇಡಿ. ಸ್ಟಾರ್ಟ್, ಸೆಲೆಕ್ಟ್ ನೋಡುವ ಭಾಗ ಬಿಟ್ಟು ಬೇರೆ ಯಾವುದಾದರೂ ಅದನ್ನು ಓದುತ್ತಿದ್ದರೆ ಅನುಮಾನಪಡಿ. ಎರಡನೇ ಪ್ಯಾಡನ್ನು ಮರೆಯಬೇಡಿ. 1994ರ ಸೂಪರ್ ಪಂಚ್-ಔಟ್‌ನಲ್ಲಿ ಇಬ್ಬರು ಆಡುವ ಮೋಡ್ ಇದೆ ಅಂತ ಹೊರಬಿದ್ದದ್ದು 2022ರಲ್ಲಿ, 28 ವರ್ಷದ ಮೇಲೆ. ಅದಕ್ಕೆ ಎರಡನೇ ಪ್ಯಾಡ್‌ನಲ್ಲಿ ಬಟನ್ ಹಿಡಿದಿರಬೇಕು, ಒಬ್ಬನೇ ಆಡುವ ಆಟದಲ್ಲಿ ಅದನ್ನು ಯಾರು ಮುಟ್ಟುತ್ತಾರೆ!

ಕೋಡ್ ಓದಿದರೂ ಕಣ್ಣಿಗೆ ಬೀಳದ ಗುಟ್ಟುಗಳೂ ಇವೆ. 2009ರ ಬ್ಯಾಟ್‌ಮ್ಯಾನ್ ಅರ್ಕಮ್ ಅಸೈಲಮ್‌ನಲ್ಲಿ ವಾರ್ಡನ್ ಕೋಣೆಯ ಒಂದು ಗೋಡೆ ಸ್ಫೋಟಕ ಜೆಲ್‌ಗೆ ಒಡೆಯುತ್ತದೆ. ಒಡೆಯಬಹುದು ಅನ್ನುವ ಗುರುತು ಒಂದೂ ಇಲ್ಲ. ತಿಂಗಳುಗಟ್ಟಲೆ ಯಾರಿಗೂ ಸಿಗದೆ ಮಾಡಿದವರೇ ಬಾಯಿಬಿಟ್ಟರು. ಇಂಥವಕ್ಕೆ ಗೋಡೆ ದಾಟಿ ಹೋಗುವ ಫ್ರೀ ಕ್ಯಾಮೆರಾ ಸರಿ.

ಹಳೇಜಾಯ್‌ಸ್ಟಿಕ್:
075ಎ ಸಿಕ್ಕಿತು, ಎಡಿ ಹಾಕಿದೆ, ಲೈಫ್ ನಿಂತಿದೆ. ತುಂಬಾ ಥ್ಯಾಂಕ್ಸ್. ಆದರೆ ಇನ್ನೊಂದು ಮಾರಿಯೋ ರಾಮ್‌ನಲ್ಲಿ (ಗೇಮ್‌ನ ಫೈಲ್, ನೂರಾರು ಗೇಮ್ ಇರುವ ಕ್ಯಾಸೆಟ್‌ನಿಂದ ತೆಗೆದದ್ದು) ಅದೇ ಕೋಡ್ ಹಾಕಿದರೆ ಆಟ ಕೆಟ್ಟು ನಿಲ್ಲುತ್ತದೆ.

ಕ್ಯಾಸೆಟ್‌ಮನೆ:
ಆ ರಾಮ್‌ನಲ್ಲಿ ಕೋಡ್ ಸ್ಥಳ ಬದಲಾಗಿರಬೇಕು, ಆರಕ್ಷರದ ಕೋಡ್ ಅಲ್ಲಿ ಏನಿದೆ ಅಂತ ನೋಡದೆ ಎಡಿ ತುರುಕುತ್ತದೆ. ಮೂಲ ಫೈಲಿನಲ್ಲಿ ಆ ಬೈಟ್ ಇರೋದು 11ಇ9ರಲ್ಲಿ: 91ಡಿ9ರಿಂದ 8000 ಕಳೆದು, ಮುಂದಿರುವ 16 ಬೈಟ್ ಹೆಡರ್‌ಗೆ ಹೆಕ್ಸ್‌ನಲ್ಲಿ 10 ಕೂಡಿಸಿ. ನಿಮ್ಮ ಫೈಲಿನಲ್ಲಿ ಅಲ್ಲಿ ಸಿಇ ಇಲ್ಲದಿದ್ದರೆ ಸಿಇ 5ಎ 07 ಅಂತ ಇಡೀ ಫೈಲ್ ಹುಡುಕಿ. ಅನೇಕ ಗೇಮ್ ಒಂದೇ ಕ್ಯಾಸೆಟ್‌ನಲ್ಲಿದ್ದರೆ ಒಂದೇ ವಿಳಾಸಕ್ಕೆ ಬೇರೆ ಬೇರೆ ಬ್ಯಾಂಕ್ (ಕ್ಯಾಸೆಟ್‌ನ ಕೋಡ್ ತುಂಡುಗಳು) ಬಂದು ಕೂರುತ್ತವೆ, ಅಲ್ಲಿ ಎಂಟಕ್ಷರದ ಕೋಡ್ ಮಾಡಿ: ಹಳೇ ಬೆಲೆ ಸಿಇ, ಹೊಸ ಬೆಲೆ ಎಡಿ. ಹಳೇ ಬೆಲೆ ತಾಳೆಯಾದಾಗ ಮಾತ್ರ ಅದು ಕೆಲಸ ಮಾಡುತ್ತದೆ.