ಸಹಾಯ ಬೇಕು: ಮುಧೋಳ ನಾಯಿಯ ಹಲ್ಲಿನ ಶುಚಿ ಮತ್ತು ಪ್ರದರ್ಶನದ ದಿನಾಂಕ

ಬಳಗದ ಎಲ್ಲರಿಗೂ ಶಿರಸಿಯಿಂದ ನಮಸ್ಕಾರ. ನಮ್ಮ ಮುಧೋಳ ನಾಯಿಯ ಮೇಲ್ದವಡೆಯ ದೊಡ್ಡ ಹಲ್ಲಿನ ಬುಡದಲ್ಲಿ ಕಂದು ಕಿಟ್ಟ ಕಲ್ಲಿನಂತೆ ಗಟ್ಟಿಯಾಗಿದ್ದು, ಅದರ ಅಂಚಿನ ವಸಡು ಕೆಂಪಾಗಿದೆ. ವಸಡಿನ ಒಳಗಿನವರೆಗೂ ಶುಚಿ ಮಾಡಲು ಪೂರ್ಣ ಅರಿವಳಿಕೆ ಬೇಕೆಂದು ಪಶುವೈದ್ಯರು ಹೇಳಿದ್ದಾರೆ. ಮೈಯಲ್ಲಿ ಕೊಬ್ಬು ಕಡಿಮೆಯಿರುವ ಇಂಥ ಬೇಟೆನಾಯಿಗಳಲ್ಲಿ ಕೆಲವು ಅರಿವಳಿಕೆ ಔಷಧಗಳ ಅಮಲು ಬೇಗ ಇಳಿಯುವುದಿಲ್ಲವಾದ್ದರಿಂದ, ಈ ತಳಿಯ ಅನುಭವವಿರುವ ವೈದ್ಯರು ಕಾರವಾರ, ಕುಮಟಾ ಅಥವಾ ಹುಬ್ಬಳ್ಳಿಯ ಕಡೆ ಇದ್ದರೆ ದಯವಿಟ್ಟು ತಿಳಿಸಿ.

ಇತ್ತ ಮುಂದಿನ ತಿಂಗಳ ಶ್ವಾನ ಪ್ರದರ್ಶನದ ನೋಂದಣಿಗೆ ಕೊನೆಯ ದಿನ ಹತ್ತಿರವಾಗಿದೆ. ತೀರ್ಪುಗಾರರು ತುಟಿ ಎತ್ತಿ ಹಲ್ಲುಗಳ ಜೋಡಣೆಯನ್ನು ನೋಡುವಾಗ, ವಸಡು ನೋಯುತ್ತಿರುವ ನಾಯಿ ಸುಮ್ಮನೆ ನಿಲ್ಲಲಾರದು. ಶುಚಿಯಾದ ಬಳಿಕ ಎಷ್ಟು ದಿನ ಬಿಟ್ಟು ರಿಂಗ್‌ಗೆ ಇಳಿಸಬಹುದು? ನೋಂದಾಯಿಸಿ ಹಿಂದೆ ಸರಿದರೆ ಶುಲ್ಕವನ್ನು ಮುಂದಿನ ಪ್ರದರ್ಶನಕ್ಕೆ ಹೊಂದಿಸುತ್ತಾರೆಯೇ?

ನಮ್ಮ ಟೂತ್‌ಪೇಸ್ಟನ್ನೇ ಹಚ್ಚಿ ಎಂಬ ಸಲಹೆ ಮಾತ್ರ ಬೇಡ. ಕೆಲವದರಲ್ಲಿರುವ ಕ್ಸೈಲಿಟಾಲ್ ಎಂಬ ಸಿಹಿಕಾರಕ ನಾಯಿಗೆ ವಿಷ.