ಸ್ಟಾಕ್‌ಫಿಶ್ +0.7 ಅಂದರೆ ಮಕ್ಕಳಿಗೆ ಏನು ಅರ್ಥವಾಗಬೇಕು?

ಚೆಸ್ ಮೇಷ್ಟ್ರು: ನಾನು ಮಕ್ಕಳಿಗೆ ಚೆಸ್ ಹೇಳಿಕೊಡುತ್ತೇನೆ. ಆಟ ಮುಗಿದ ಕೂಡಲೇ ಮೊಬೈಲಲ್ಲಿ ಸ್ಟಾಕ್‌ಫಿಶ್ ಅನ್ನೋ ಚೆಸ್ ಎಂಜಿನ್ (ಚೆಸ್ ಆಡುವ ಪ್ರೋಗ್ರಾಂ) ತೆರೆದು "ಸರ್, ಬಿಳಿಗೆ +0.7" ಅಂತಾರೆ, ಅಂದರೆ ಬಿಳಿಯದು ತುಸು ಮೇಲುಗೈ. ಯಾಕೆ ಅಂತ ಕೇಳಿದರೆ ಉತ್ತರವಿಲ್ಲ. ಕಲಿಯುವವರ ಕೈಗೆ ಈ ಅಂಕಿ ಕೊಡಲೇಬಾರದು ಅನ್ನೋದು ನನ್ನ ವಾದ. ಹಿಂದೆ ಎಂಜಿನ್ನಿನ ಲೆಕ್ಕ ನಮ್ಮ ಲೆಕ್ಕವೇ ಆಗಿತ್ತು. ಕಾಲಾಳಿಗೆ 1, ಕುದುರೆ-ಒಂಟೆಗೆ 3, ಆನೆಗೆ 5, ಮಂತ್ರಿಗೆ 9, ಅದರ ಮೇಲೆ ರಾಜನ ಭದ್ರತೆ. 1997ರಲ್ಲಿ ವಿಶ್ವ ಚಾಂಪಿಯನ್ ಕಾಸ್ಪರೋವ್ ಅವರನ್ನು ಸೋಲಿಸಿದ ಐಬಿಎಂ ಕಂಪ್ಯೂಟರ್ ಡೀಪ್ ಬ್ಲೂ ಸೆಕೆಂಡಿಗೆ ಬೋರ್ಡಿನ ಸುಮಾರು 20 ಕೋಟಿ ಸ್ಥಿತಿ ನೋಡುತ್ತಿತ್ತು, ಆದರೆ ಯಾವುದಕ್ಕೆ ಬೆಲೆ ಕಟ್ಟಬೇಕು ಅಂತ ಬರೆದುಕೊಟ್ಟವರು ಮನುಷ್ಯರು. ಈಗ ಆ ನಿಯಮಗಳೇ ಇಲ್ಲ.

ಎರಡನೇ ಆನೆ: ನಿಯಮ ಇಲ್ಲ, ನಿಜ. 2020ರ ಸ್ಟಾಕ್‌ಫಿಶ್ 12ರಲ್ಲಿ ಎನ್‌ಎನ್‌ಯುಇ ಅನ್ನೋ ನ್ಯೂರಲ್ ನೆಟ್‌ವರ್ಕ್ (ಉದಾಹರಣೆಗಳಿಂದ ತಾನೇ ಬೆಲೆ ಕಟ್ಟೋಕೆ ಕಲಿಯುವ, ಪದರ ಪದರವಾದ ಲೆಕ್ಕ) ಬಂತು, 2023ರಲ್ಲಿ ಹಳೇ ಲೆಕ್ಕವನ್ನು ಕಿತ್ತೇ ಹಾಕಿದರು. ಅದರ ಮೂಲ ಚೆಸ್ಸಿನಂಥದೇ ಆದ ಜಪಾನಿನ ಶೋಗಿ ಆಟ, ಯು ನಾಸು 2018ರಲ್ಲಿ ಮಾಡಿದ್ದು. ನನಗೆ ಬಹಳ ಇಷ್ಟವಾಗೋದು ಅದರ ಜಾಣತನ. ಒಂದು ನಡೆಗೆ ಒಂದೆರಡು ಕಾಯಿ ಮಾತ್ರ ಜಾಗ ಬದಲಿಸುತ್ತವೆ ತಾನೆ? ಹಾಗಾಗಿ ಮೊದಲ ಪದರದ ಮೊತ್ತವನ್ನು ಮತ್ತೆ ಮೊದಲಿಂದ ಕೂಡೋದಿಲ್ಲ. ಬಿಟ್ಟ ಮನೆಯದನ್ನು ಕಳೆದು, ಸೇರಿದ ಮನೆಯದನ್ನು ಕೂಡುತ್ತೆ. ಸಾಮಾನ್ಯ ಕಂಪ್ಯೂಟರಲ್ಲೂ ಅದು ಅಷ್ಟು ವೇಗವಾಗಿ ಓಡೋದು ಇದರಿಂದಲೇ. ಇನ್ನು ಅಂಕಿಗೆ ಸ್ಪಷ್ಟ ಅರ್ಥವಿದೆ ಸರ್: 15.1ನೇ ಆವೃತ್ತಿಯಿಂದ +1.00 ಅಂದರೆ ಎಂಜಿನ್‌ಗಳೇ ಎದುರುಬದುರು ಆಡಿದಾಗ ಗೆಲ್ಲುವ ಸಾಧ್ಯತೆ ನೂರಕ್ಕೆ ಐವತ್ತು.

ಕಪ್ಪು ಕುದುರೆ: ಗೂಗಲ್‌ನ ಡೀಪ್‌ಮೈಂಡ್ ಮಾಡಿದ ಆಲ್ಫಾಝೀರೋ ಪ್ರೋಗ್ರಾಂ ಮರೆಯಬೇಡಿ. ಆಟದ ನಿಯಮ ಬಿಟ್ಟು ಯಾರೂ ಏನೂ ಹೇಳಿಕೊಡಲಿಲ್ಲ. ತನ್ನ ಜತೆ ತಾನೇ ಆಡಿ, ನಾಲ್ಕೇ ಗಂಟೆಯಲ್ಲಿ ಸ್ಟಾಕ್‌ಫಿಶ್ 8 ಅನ್ನು ಹಿಂದೆ ಹಾಕಿತು. ಮೇಷ್ಟ್ರ ಅಗತ್ಯವೇ ಬೀಳಲಿಲ್ಲ!

ಮೂಲೆಮನೆ: "ನಾಲ್ಕು ಗಂಟೆ" ಅಂತ ಎಲ್ಲರೂ ಬರೀತಾರೆ. ಆ ಆಟಗಳನ್ನು ಆಡಿಸೋಕೆ ನ್ಯೂರಲ್ ನೆಟ್‌ವರ್ಕ್‌ಗೆಂದೇ ಗೂಗಲ್ ಮಾಡಿದ 5,000 ಟಿಪಿಯು ಚಿಪ್‌ಗಳಿದ್ದವು ಅನ್ನೋದನ್ನು ಯಾರೂ ಬರೆಯಲ್ಲ. 2017ರ ನೂರು ಆಟಗಳ ಪಂದ್ಯದಲ್ಲಿ ಸ್ಟಾಕ್‌ಫಿಶ್‌ಗೆ ಪ್ರತಿ ನಡೆಗೆ ಒಂದೇ ನಿಮಿಷ ಅಂತ ಕಟ್ಟಿಹಾಕಿದ್ದರು, ಅದಕ್ಕೆ ತಕರಾರೂ ಬಂತು.

ಕಪ್ಪು ಕುದುರೆ: ತಕರಾರಿನ ನಂತರ ಸಾವಿರ ಆಟ ಆಡಿಸಿದರಲ್ಲ, 2018ರಲ್ಲಿ ಪ್ರಕಟವಾಯ್ತು. ಆಲ್ಫಾಝೀರೋಗೆ 155 ಗೆಲುವು, 6 ಸೋಲು, ಉಳಿದದ್ದೆಲ್ಲ ಡ್ರಾ. ಅದೂ ಸೆಕೆಂಡಿಗೆ ಸುಮಾರು 60 ಸಾವಿರ ಸ್ಥಿತಿ ನೋಡಿ; ಸ್ಟಾಕ್‌ಫಿಶ್ ನೋಡಿದ್ದು 6 ಕೋಟಿ. ಎಲ್ಲಿ ಹುಡುಕಬೇಕು ಅಂತ ಗೊತ್ತಿರೋದೇ ಕಲಿಕೆ. ಹುಡುಕಾಟದಲ್ಲಿ ಒಳ್ಳೆಯದು ಅಂತ ಕಂಡ ನಡೆಯನ್ನು ನೆಟ್‌ವರ್ಕ್ ಮುಂದಿನ ಸಲ ಮೊದಲೇ ಊಹಿಸೋಕೆ ಕಲಿಯುತ್ತೆ, ಆಟದ ಫಲಿತಾಂಶ ನೋಡಿ ಸ್ಥಿತಿಗೆ ಬೆಲೆ ಕಟ್ಟೋಕೆ ಕಲಿಯುತ್ತೆ.

ಚೆಸ್ ಮೇಷ್ಟ್ರು: ಎಂಜಿನ್ ಕಲಿತದ್ದರಲ್ಲಿ ನನಗೆ ಅನುಮಾನವಿಲ್ಲ. ಮಗು ಕಲಿಯಿತೇ ಅನ್ನೋದು ನನ್ನ ಪ್ರಶ್ನೆ. "ಎಂಜಿನ್‌ಗಳು ಎದುರುಬದುರು" ಅಂದಿರಲ್ಲ, ತೊಂದರೆ ಇರೋದು ಅಲ್ಲೇ. 2024ರ ಸಿಂಗಪುರ ವಿಶ್ವ ಚಾಂಪಿಯನ್‌ಶಿಪ್‌ನ 14ನೇ ಆಟ ನೆನೆಸಿಕೊಳ್ಳಿ. ಡಿಂಗ್ ಲಿರೆನ್ ಬಿಳಿ, ಗುಕೇಶ್ ಕಪ್ಪು. ಗುಕೇಶ್ ಹತ್ತಿರ ಒಂದು ಕಾಲಾಳು ಹೆಚ್ಚಿತ್ತು, ಎಂಜಿನ್ ಮಾತ್ರ ಡ್ರಾ ಅನ್ನುತ್ತಿತ್ತು. 55ನೇ ನಡೆಯಲ್ಲಿ ಡಿಂಗ್ ಆನೆಯನ್ನು ಎಫ್2ಗೆ ತಂದರು, ಅಂಕಿ ಧೊಪ್ಪನೆ ಬಿತ್ತು. ಯಾಕೆ ಬಿತ್ತು? ಬಿಳಿಯ ಒಂಟೆ ಎ8 ಮೂಲೆಯಲ್ಲಿತ್ತು. ಆನೆಗಳು ಹೊಡೆದಾಡಿ ಹೋದ ಮೇಲೆ ಕಪ್ಪು ಒಂಟೆ ಡಿ5ಗೆ ಬಂದರೆ ಅದಕ್ಕೆ ತಪ್ಪಿಸಿಕೊಳ್ಳೋ ದಾರಿಯೇ ಇಲ್ಲ. ಒಂಟೆಗಳೂ ಹೋಗಿ ಬರೀ ಕಾಲಾಳುಗಳ ಆಟ ಉಳಿಯುತ್ತೆ, ಆಗ ಆ ಒಂದು ಕಾಲಾಳು ಸಾಕು. ಅಂಕಿಯಲ್ಲಿ ಇದು ಒಂದಕ್ಷರವೂ ಕಾಣಲ್ಲ.

ಮೂಲೆಮನೆ: ಇನ್ನೊಂದು ಸೇರಿಸಿ ಮೇಷ್ಟ್ರೇ. ಬಿಳಿಗೆ ಎಚ್ ಸಾಲಿನ ಕಾಲಾಳು, ಬಿಳಿ ಮನೆಗಳ ಒಂಟೆ. ಕಪ್ಪು ರಾಜ ಒಬ್ಬನೇ, ಎಚ್8ರಲ್ಲಿ. ಕಾಯಿ ಲೆಕ್ಕದಲ್ಲಿ ಬಿಳಿಗೆ 4 ಹೆಚ್ಚು, ಆದರೂ ಡ್ರಾ. ಕಾಲಾಳು ಮಂತ್ರಿಯಾಗಬೇಕಾದ ಎಚ್8 ಕಪ್ಪು ಮನೆ, ಒಂಟೆ ಅದನ್ನು ಮುಟ್ಟೋಕೇ ಆಗಲ್ಲ, ರಾಜನನ್ನು ಅಲ್ಲಿಂದ ಓಡಿಸೋಕೂ ಆಗಲ್ಲ. ಈ ಒಂದು ಸಂಗತಿಗೇ ಹಳೇ ಎಂಜಿನ್‌ಗಳಲ್ಲಿ ಬೇರೆ ನಿಯಮ ಬರೆಯಬೇಕಿತ್ತು.

ಎರಡನೇ ಆನೆ: ಇಬ್ಬರ ಉದಾಹರಣೆಯನ್ನೂ ಒಪ್ಪುತ್ತೇನೆ, ನಿಷೇಧವನ್ನು ಒಪ್ಪಲ್ಲ. ಅಂಕಿಯನ್ನು ಮುಚ್ಚಿಡಿ, ಎಂಜಿನ್ ಇರಲಿ. ಮಗು ಮೊದಲು ತನ್ನ ಕಾರಣ ಬರೆಯಲಿ, ಆಮೇಲೆ ಅದೇ ಸ್ಥಿತಿಯಿಂದ ಸ್ಟಾಕ್‌ಫಿಶ್ ಎದುರು ಆಡಲಿ. ತಾನು ಹೇಳಿದ ಕಾರಣ ಎಲ್ಲಿ ಮುರಿಯಿತು ಅಂತ ಬೋರ್ಡಿನ ಮೇಲೇ ಕಾಣುತ್ತೆ.

ಚೆಸ್ ಮೇಷ್ಟ್ರು: ಬರೆಸೋದು ಸರಿ. ಎದುರಾಳಿಯಾಗಿ ಮಾತ್ರ ಇನ್ನೊಂದು ಮಗುವನ್ನೇ ಕೂರಿಸುತ್ತೇನೆ. ಹತ್ತು ವರ್ಷದವರಿಗೆ ಪ್ರತಿ ಸಲ ಸೋಲೋದರಿಂದ ಕಾರಣ ಹೊಳೆಯಲ್ಲ.